ರೇವವ್ವನ ಮನೆಗೂ ಒಂದು ದೀಪ

ಕಲಘಟಗಿಯಿಂದ ತಂಬೂರಿನ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ವಿದ್ಯುತ್ ಕಂಬಗಳು ಬಂದು ಬಹಳ ವರ್ಷವಾಗಿತ್ತು. ಕರೆಂಟು ಮಾತ್ರ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೀಗಾಗಿ ೧೯೮೬ರಲ್ಲಿ ಊರವರೆಲ್ಲ ಸೇರಿ ಗೋಬರ್ ಗ್ಯಾಸಿನ ಘಟಕ ಕಟ್ಟಿದೆವು. ಸಗಣಿಯಿಂದ ಗ್ಯಾಸು, ಗ್ಯಾಸಿನಿಂದ ಇಂಜಿನ್ನು, ಇಂಜಿನ್ನಿನಿಂದ ಮನೆಗೆ ಬೆಳಕು.

ಸಮಿತಿಗೆ ಈರಬಸಪ್ಪನವರೇ ಹಿರಿಯರು. ಅವರ ಕೊಟ್ಟಿಗೆ ತುಂಬ ದನ. ಅವರು ಮಾಡಿದ ನಿಯಮ ಒಂದೇ: ಸಗಣಿ ಕೊಟ್ಟ ಮನೆಗೆ ಕರೆಂಟು.

ರೇವವ್ವನ ಹತ್ತಿರ ದನವಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಕೂಲಿ ಮಾಡಿ ಬದುಕುತ್ತಿದ್ದಳು. ಓಣಿಯಲ್ಲಿ ಬಿದ್ದ ಸಗಣಿ ಬಳಿದು ತಂದು ಕುಳ್ಳು ತಟ್ಟುತ್ತಿದ್ದಳು. ಅದೇ ಅವಳ ಒಲೆಗೆ ಉರುವಲು. ಘಟಕ ಬಂದ ಮೇಲೆ ದನದ ಹಿಂದೆಯೇ ಮಾಲೀಕರ ಬುಟ್ಟಿಯೂ ಹೋಗತೊಡಗಿತು. ಓಣಿಯಲ್ಲಿ ಅವಳಿಗೆ ಏನೂ ಉಳಿಯಲಿಲ್ಲ.

ಅವಳು ನೆರೆಮನೆಯ ಮರೆವ್ವನ ಜೊತೆ ಅಡವಿಗೆ ಹೋಗಿ ಕಟ್ಟಿಗೆ ತರತೊಡಗಿದಳು. ಆಷಾಢದ ಒಂದು ದಿನ ಹೊರೆಯ ಸಮೇತ ಹಳ್ಳದ ದಂಡೆಯಿಂದ ಜಾರಿ ಬಿದ್ದಳು. ತೊಡೆಯ ಎಲುಬು ಮುರಿಯಿತು. ಹುಬ್ಬಳ್ಳಿಯ ದವಾಖಾನೆಯಿಂದ ತಿರುಗಿ ಬಂದಾಗ ಕೋಲಿಲ್ಲದೆ ನಿಲ್ಲಲು ಆಗುತ್ತಿರಲಿಲ್ಲ.

ಬಾಲವಾಡಿಯ ಟೀಚರ್ ಶಮೀಮಾಬಿ ಗೋಬರ್ ಗ್ಯಾಸಿನ ತರಬೇತಿಗೆ ಹೋಗಿ ಬಂದವಳು. ರೇವವ್ವನ ಸ್ಥಿತಿ ಕಂಡು ಅವಳು ನೇರವಾಗಿ ಈರಬಸಪ್ಪನವರ ಮನೆಗೆ ಹೋದಳು.

"ಕಾಕಾ, ನಮ್ಮ ನಿಯಮ ತಪ್ಪೈತ್ರಿ."

"ಏನ ತಪ್ಪು? ಹೆಂಡಿ ಕೊಟ್ಟವ್ರಿಗೆ ಕರೆಂಟ. ಪುಕ್ಕಟ ಕೊಟ್ಟರ ನಾಳೆ ಹೆಂಡಿ ಯಾರ ತರ್ತಾರವಾ? ಇಂಜಿನ್ನ ನಿಂತ ಹೋಗ್ತೈತಿ."

"ಇಂಜಿನ್ನ ನಡೀಬೇಕ್ರಿ, ನಾನೂ ಅದನ್ನ ಹೇಳ್ತೀನಿ. ಆದ್ರ ಓಣ್ಯಾಗ ಬಿದ್ದ ಹೆಂಡಿ ಯಾರ್ದ್ರಿ? ನಾವು ಘಟಕಾ ಕಟ್ಟೂಮುಂದ ದನಾ ಇದ್ದವ್ರನ್ನಷ್ಟ ಕೇಳಿದ್ವಿ. ದನಾ ಇಲ್ಲದವ್ರನ್ನ ಒಬ್ಬರನ್ನೂ ಕರೀಲಿಲ್ಲ."

ಈರಬಸಪ್ಪನವರ ಹೆಂಡತಿ ಕಸ್ತೂರೆವ್ವ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

"ರೇವವ್ವ ನಮ್ಮ ಹಿತ್ತಲದಾಗ ಬಳಕೊಂಡ ಹೋಗ್ತಿದ್ಲು. ಘಟಕಾ ಬಂದ ಮ್ಯಾಲ ನಾನ ಬ್ಯಾಡಂದೆ. ಅಕಿ ಒಲಿ ಆರಿಸಿ ನಮ್ಮ ದೀಪಾ ಹಚ್ಚಿದಂಗಾತು."

ಈರಬಸಪ್ಪನವರು ತಲೆಗೆ ಪಟಗ ಸುತ್ತಿಕೊಂಡು ರೇವವ್ವನ ಗುಡಿಸಲಿಗೆ ನಡೆದರು. ಅವಳು ಚಾಪೆಯ ಮೇಲೆ ಮಲಗಿದ್ದಳು. ಎದ್ದು ಕೂಡಲು ಹೋದಳು, ಆಗಲಿಲ್ಲ.

"ರೇವವ್ವಾ, ನನ್ನ ಮ್ಯಾಲ ಸಿಟ್ಟೈತೇನ ನಿನಗ?"

"ಸಿಟ್ಟ ಮಾಡಿದ್ರ ಕಾಲು ಬರ್ತೈತೇನ್ರಿ ಯಪ್ಪಾ?" ಎಂದಳು. "ಮರೆವ್ವ ನಾಳೆ ಮತ್ತ ಅಡವಿಗೆ ಹೊಂಟಾಳ. ಮಳಿ ನಿಂತಿಲ್ಲ. ಅಕೀನ ತಡೀರಿ."

ಮರುದಿನ ಚಾವಡಿಯಲ್ಲಿ ಎಲ್ಲರೂ ಕೂಡಿದರು. ಈ ಸಲ ದನವಿಲ್ಲದವರೂ ಬಂದಿದ್ದರು. ದನವಿಲ್ಲದ ಮನೆಗೂ ದೀಪ ಕೊಡಬೇಕೆಂದು ಶಮೀಮಾಬಿ ಹೇಳಿದಾಗ ಮಾತು ಜೋರಾಯಿತು. ಎರಡು ಎಮ್ಮೆ ಕಟ್ಟಿದ ದಾವೂದಸಾಬ, "ನಮ್ಮ ಪಾಲು ಕಡಿಮಿ ಆಗ್ತೈತಲ್ರಿ" ಎಂದ.

"ಆಗ್ತೈತಿ, ಖರೆ," ಎಂದಳು ಶಮೀಮಾಬಿ. "ಸುಳ್ಳ ಯಾಕ ಹೇಳ್ಲಿ? ದೀಪಾ ಒಂದ ತಾಸು ಮದಲ ಆರ್ತಾವು. ಆದ್ರ ಎಲ್ಲಾರ ಮನ್ಯಾಗೂ ಹತ್ತಿರ್ತಾವು."

"ಮದಲ ನಮ್ಮ ಮನಿ ದೀಪಾ ಕಡಿಮಿ ಮಾಡ್ರಿ," ಎಂದರು ಈರಬಸಪ್ಪನವರು. "ನಮ್ಮಲ್ಲಿ ನಾಕು ಅದಾವು. ಒಂದ ಸಾಕು."

ಆಮೇಲೆ ಹೊಸ ನಿಯಮವಾಯಿತು. ಓಣಿಯ ಸಗಣಿ ಬಳಿದವರದು. ದನವಿದ್ದವರು ವಾರಕ್ಕೊಂದು ದಿನದ ಸಗಣಿಯನ್ನು ದನವಿಲ್ಲದ ಮನೆಗಳ ಕುಳ್ಳಿಗೆ ಬಿಡಬೇಕು. ದನವಿಲ್ಲದವರು ಸರದಿಯಂತೆ ಸಗಣಿ ಕಲಸಿ ಘಟಕದ ತೊಟ್ಟಿಗೆ ಹಾಕಬೇಕು, ಅದೇ ಅವರ ಪಾಲು. ಕೈಲಾಗದವರಿಗೆ ಅದೂ ಬೇಡ. ಪ್ರತಿ ಮನೆಗೆ ಮೊದಲು ಒಂದು ದೀಪ, ಉಳಿದರೆ ಎರಡನೆಯದು. ದನವಿಲ್ಲದವರ ಪರವಾಗಿ ಸಮಿತಿಯಲ್ಲಿ ಮರೆವ್ವನೂ ಕೂಡಬೇಕು.

ಎಲ್ಲರೂ ಒಪ್ಪಲಿಲ್ಲ. ಒಂದು ಮನೆಯವರು ತಂತಿ ಕೀಳಿಸಿದರು, ದೀಪಾವಳಿಗೆ ತಿರುಗಿ ಹಾಕಿಸಿಕೊಂಡರು. ರೇವವ್ವನ ಗುಡಿಸಲಿಗೆ ದೀಪ ಬಂತು. ಅವಳ ಕಾಲು ಮಾತ್ರ ನೆಟ್ಟಗಾಗಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿಗೂ ಗೋಬರ್ ಗ್ಯಾಸು ಬರಲಿ, ಗಾಳಿಯಂತ್ರ ಬರಲಿ. ಗುಂಡಿ ತೋಡುವ ಮೊದಲೇ ಎಲ್ಲರನ್ನೂ ಕೂಡಿಸಿರಿ. ಯಾರಿಗೆ ಲಾಭ ಎಂದು ಕೇಳುವಾಗ, ಯಾರ ಕೈಯಿಂದ ಏನು ಹೋಗುತ್ತದೆ ಎಂದೂ ಕೇಳಿರಿ. ನಾವು ಒಬ್ಬಾಕೆ ಬೀಳುವ ತನಕ ಕೇಳಲಿಲ್ಲ. ನೀವು ಇಂದೇ ಕೇಳಿರಿ.