ಹೊಳೆಬೈಲು ಕ್ಷೇತ್ರದ ಒಂದು ಓಟು

ಪೆಟ್ಟಿಗೆಯಲ್ಲಿ ಮಲಗಿಸಿದ್ದ ಅಮ್ಮ ವಾಗ್ದೇವಿಯಮ್ಮನ ತುಟಿಗೆ ಚಿತಾಗಾರದವರು ಹಚ್ಚಿದ್ದ ಕೆಂಪು ಬಣ್ಣವನ್ನು ಮಗಳು ಇಂದು ಒದ್ದೆ ಹತ್ತಿಯಿಂದ ಒರೆಸುತ್ತಿದ್ದಳು. ಅವಳ ಮಗ ಧನುಷ್ ಸ್ಯಾನ್ ಫ್ರಾನ್ಸಿಸ್ಕೋದ ತನ್ನ ಡಾಟ್‌ಕಾಂ ಆಫೀಸಿನಿಂದ ನೇರ ಬಂದು ಬಾಗಿಲ ಬಳಿ ನಿಂತಿದ್ದ.

ಲಾಸ್ ಆಲ್ಟೋಸ್‌ನಲ್ಲಿ ಮಗಳ ಜೊತೆಗಿದ್ದ ಶೇಷಾದ್ರಿರಾಯರು ಅಮ್ಮನ ಊರಿನವರು, ಎಪ್ಪತ್ತು ದಾಟಿದವರು. ವಾಗ್ದೇವಿಯಮ್ಮನ ಕಾಲಿಗೆ ನಮಸ್ಕರಿಸಿ ಇಂದುವಿನ ಹತ್ತಿರ ಬಂದರು.

"ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡ. ಆ ಎಲೆಕ್ಷನ್ನಿನಲ್ಲಿ ನಿನ್ನಮ್ಮ ಓಟು ಹಾಕಿದ್ದು ಯಾರಿಗೆ?"

"ಅಪ್ಪನಿಗೇ ಅಂತ ಹೇಳ್ತಿದ್ರು."

"ಹೇಳ್ತಿದ್ರು, ಸರಿ..."

"ಯಾವ ಎಲೆಕ್ಷನ್ನು?" ಧನುಷ್ ಕೇಳಿದ.

* * *

ಬ್ರಿಟಿಷರ ಕಾಲದ ಮದರಾಸು ಶಾಸನಸಭೆಗೆ ಹೊಳೆಬೈಲು ಒಂದು ಕ್ಷೇತ್ರ. ಜಮೀನಿದ್ದವರಿಗೆ, ಓದುಬರಹ ಬಲ್ಲವರಿಗೆ ಮಾತ್ರ ಓಟು. ಬಸುರಿ ವಾಗ್ದೇವಿಗೆ ಓದಲು ಬರುತ್ತಿದ್ದುದರಿಂದ ಓಟು ಸಿಕ್ಕಿತ್ತು. ನಿಂತವರು ಇಬ್ಬರೇ: ಗಂಡ ಅನಂತಯ್ಯ, ಮತ್ತು ಅವಳದೇ ಸೋದರಮಾವ. ಪರದೆಯ ಹಿಂದೆ ಇಬ್ಬರಿಗೂ ಬೇರೆ ಬೇರೆ ಡಬ್ಬಿ. ಅನಂತಯ್ಯ ಕೆಲವೇ ಓಟಿನಿಂದ ಸೋತರು. ಹೆಂಡತಿಯೇ ಕೈಕೊಟ್ಟಳಂತೆ ಎಂದು ಪೇಟೆಯೆಲ್ಲ ಆಡಿಕೊಂಡಿತು.

"ಯಾರ ಡಬ್ಬಿಗೆ ಹಾಕಿದೆ?"

"ನಿಮ್ಮದಕ್ಕೇ. ದೇವರಾಣೆ."

"ದೇವರು ಬಂದಿದ್ದನಾ ಡಬ್ಬಿಯ ಹತ್ತಿರ?"

ಚೀಟಿಯ ಮೇಲೆ ಹೆಸರಿರಲಿಲ್ಲ. ಅವಳು ಏನನ್ನು ತೋರಿಸಿಯಾಳು? ಅನಂತಯ್ಯ ಜಗಲಿಯಲ್ಲಿ ಮಲಗತೊಡಗಿದರು. ಇಂದು ಹುಟ್ಟಿದಳು, ಅವಳ ಬೆನ್ನಿಗೆ ಇನ್ನೊಂದು ಮಗು ಆಗಲಿಲ್ಲ. ಇನ್ನೊಂದು ಸಲ ನಿಲ್ಲಲಿ, ಊರ ಮುಂದೆಯೇ ಅವರ ಪರ ಓಟು ಕೇಳುತ್ತೇನೆ ಎಂದುಕೊಂಡಿದ್ದಳು ವಾಗ್ದೇವಿ. ಯುದ್ಧ ಬಂತು, ಸ್ವಾತಂತ್ರ್ಯ ಬಂತು, ಹೊಳೆಬೈಲು ಕ್ಷೇತ್ರವೇ ಇಲ್ಲವಾಯಿತು. ಅರ್ಧ ಊರು ಒಂದು ಕ್ಷೇತ್ರಕ್ಕೆ, ಅರ್ಧ ಇನ್ನೊಂದಕ್ಕೆ ಸೇರಿತು. ಸಾಯುವಾಗಲೂ ಅನಂತಯ್ಯ ಗಂಗಾಜಲ ಕುಡಿದದ್ದು ಮಗಳ ಕೈಯಿಂದ.

ಮೊನ್ನೆ ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಡಬ್ಲಿನ್ನಿನಲ್ಲಿ, ಇಂದುವಿನ ಮನೆಯಲ್ಲಿ ವಾಗ್ದೇವಿಯಮ್ಮ ಮಗಳನ್ನು ಕೇಳಿದ್ದರು, "ನೀನು ನಂಬ್ತೀಯಾ?"

"ನಂಬ್ತೇನಮ್ಮ."

"ನಿಂಗೆ ಹೇಗೆ ಗೊತ್ತು?"

* * *

ಇಂದು ಚುಟುಕಾಗಿ ಹೇಳಿದ್ದನ್ನು ಕೇಳಿ ಧನುಷ್, "ಬಟ್ ಇಟ್ ವಾಸ್ ಜಸ್ಟ್ ಒನ್ ವೋಟ್, ಅಮ್ಮ" ಎಂದ.

ಇಂದು ರಾಯರ ಕಡೆ ತಿರುಗಿದಳು. "ಡಬ್ಬಿಯ ಹತ್ತಿರ ಅಮ್ಮನ ಜೊತೆ ಇದ್ದದ್ದು ನಾನೊಬ್ಬಳೇ, ರಾಯರೇ. ಹೊಟ್ಟೆಯಲ್ಲಿ. ಎಂತ ಮಾಡೂದು, ನಂಗೆ ಕಾಣ್ಲಿಲ್ಲ."



ಸಮವಸ್ತ್ರದವನೊಬ್ಬ ಬಂದು ಪೆಟ್ಟಿಗೆಯನ್ನು ಮೆಲ್ಲಗೆ ಒಳಗೆ ತಳ್ಳಿಕೊಂಡು ಹೋದ. ನೋಡುವವರಿಗೆಂದು ಗೋಡೆಯಲ್ಲಿ ಒಂದು ಗಾಜಿನ ಕಿಟಕಿಯಿತ್ತು. ಅದಕ್ಕೆ ಹಣೆ ಒತ್ತಿ ಇಂದು ನಿಂತಳು. ಕುಲುಮೆಯ ಕಬ್ಬಿಣದ ಬಾಗಿಲು ಮೇಲೇರುವಷ್ಟರಲ್ಲಿ ಅವಳ ಉಸಿರಿಗೇ ಗಾಜು ಮಂಜಾಯಿತು.