ಉಸ್ತಾನ ಕಿವಿಯೂ ರಿಸಾಲತ್‌ಳ ಇರುವೆಯೂ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ, ರಿಪೇರಿ ಬಲ್ಲವನಿಗೆ ನಾಚಿಕೆಯಿಲ್ಲ. ಮೂರನೆಯ ತುಂಡು ಹಿರಿಯರದ್ದಲ್ಲ, ಕೋಕಂದ್ ಪಟ್ಟಣದ ಕಾಲುವೆ ಬೀದಿಯವರು ಹೊಲಿದು ಸೇರಿಸಿದ್ದು. ಗಾದೆ ಕಲಬೆರಕೆಯಾದರೂ ಕತೆ ಅಪ್ಪಟ. ನಂಬಿಕೆ ಬಾರದವರು ಆ ಬೀದಿಯಲ್ಲಿ ಯಾರನ್ನಾದರೂ ನಿಲ್ಲಿಸಿ “ಇರುವೆ ಹೇಗಿದೆ?” ಎಂದು ಕೇಳಿ ನೋಡಬಹುದು. ಉತ್ತರಕ್ಕೆ ಮೊದಲು ನಗು ಬರುತ್ತದೆ.

ಇರುವೆ ಎಂದರೆ ರಿಸಾಲತ್‌ಳ ಸಾಮಾನಿನ ವ್ಯಾನು. ಮೂಗಿಲ್ಲದ ಮುಖ, ಗೊಂಬೆಯ ಗಾಡಿಗೆ ಹಾಕಬೇಕಾದಷ್ಟು ಚಿಕ್ಕ ಚಕ್ರ, ಡ್ರೈವರನ ಸೀಟಿನ ಕೆಳಗೇ ಇಂಜಿನ್ನು. ಬೇಸಿಗೆಯಲ್ಲಿ ಕೂತವರು ಅರ್ಧ ಬೆಂದು ಇಳಿಯುತ್ತಾರೆ. ಮದುವೆ ಮನೆಗಳಿಗೆ ಕಡಾಯಿ, ತಟ್ಟೆ, ಹತ್ತಿಯ ಹಾಸಿಗೆಗಳನ್ನು ಬಾಡಿಗೆಗೆ ಸಾಗಿಸುವುದು ಅವಳ ಕಸುಬು. ಮದುವೆಯ ಪಲಾವಿನ ಕಡಾಯಿಯಲ್ಲಿ ಒಂದು ಕುರಿ ಮಲಗಿ ಮಗ್ಗುಲು ಬದಲಿಸಬಹುದು. ಅಂಥ ಕಡಾಯಿ ಹೊತ್ತು ಹೊರಟ ವ್ಯಾನನ್ನು ನೋಡಿದ ಮಕ್ಕಳು ಇರುವೆ ಎಂದು ಹೆಸರಿಟ್ಟರು. ಅವಳಿಗೂ ಒಪ್ಪಿಗೆಯಾಯಿತು.

ಆ ವರ್ಷ ಕಲ್ಲಂಗಡಿ ಕಾಲದಲ್ಲಿ ಇರುವೆ ಕೆಮ್ಮತೊಡಗಿತು. ಏರಿನಲ್ಲಿ ಏದುಸಿರು, ಇಳಿಜಾರಿನಲ್ಲಿ ಬಿಕ್ಕಳಿಕೆ, ಸಿಗ್ನಲ್ಲಿನಲ್ಲಿ ಆವಿ. ಅವಳು ಅದನ್ನು ಉಸ್ತಾ, ಅಂದರೆ ಮೇಸ್ತ್ರಿ, ತೋಜಿದ್ದೀನನ ಶೆಡ್ಡಿಗೆ ತಂದು ನಿಲ್ಲಿಸಿದಳು.

ತೋಜಿದ್ದೀನ್ ಬೇರೆ ಮೆಕ್ಯಾನಿಕ್ಕುಗಳ ಹಾಗಲ್ಲ. ಏನನ್ನೂ ಬಿಚ್ಚುತ್ತಿರಲಿಲ್ಲ, ಏನನ್ನೂ ಬಗ್ಗಿ ನೋಡುತ್ತಿರಲಿಲ್ಲ. ಹಿಪ್ಪುನೇರಳೆಯ ಕೋಲೊಂದರ ತುದಿಯನ್ನು ಗಾಡಿಯ ಮೈಗಿಟ್ಟು, ಇನ್ನೊಂದನ್ನು ಕಿವಿಗಾನಿಸಿ, ಕಣ್ಣು ಮುಚ್ಚಿ ಆಲಿಸುತ್ತಿದ್ದ. “ಮೊದಲು ಕಿವಿ, ಆಮೇಲೆ ಕೈ” ಎನ್ನುವುದು ಅವನ ಮಂತ್ರ. ಕೈಯ ಸರದಿ ಬರುವುದು ಬಿಲ್ಲು ಬರೆಯುವಾಗ. ಅವನು ಬಿಲ್ಲು ಎತ್ತಿದ ಮೇಲೆ ಬಾಣ ಬೇರೆ ಬೇಕಿರಲಿಲ್ಲ.

“ಓಪಾ, ಕೂತ್ಕೊಳಿ,” ಎಂದ ಕೋಲಿಳಿಸಿ. ಅಕ್ಕನಿಗೆ ಆ ಊರಿನಲ್ಲಿ ಓಪಾ ಎನ್ನುತ್ತಾರೆ.

“ನಿಂತೇ ಕೇಳ್ತೀನಿ, ಹೇಳು.”

“ರೇಡಿಯೇಟರ್ ಕಟ್ಕೊಂಡಿದೆ. ಕ್ಲಚ್ಚು ಸವೆದು ಹಪ್ಪಳ ಆಗಿದೆ. ಕಡಾಯಿ ಹೊತ್ತೂ ಹೊತ್ತೂ ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಕೂತ್ಬಿಟ್ಟಿವೆ. ಜಾರೋ ಬಾಗಿಲಿನ ಗಾಲಿ ಕಳಚ್ಕೊಂಡಿವೆ.”

“ಬಾಗಿಲು ನನಗೇ ಗೊತ್ತು. ದಿನಾ ಬೀಳುತ್ತೆ, ದಿನಾ ಎತ್ತಿ ಹಾಕ್ತೀನಿ. ಮುಂದೆ?”

“ಇವೆಲ್ಲ ನೆಗಡಿ ಓಪಾ. ರೋಗ ಇರೋದು ಎದೇಲಿ. ಗ್ಯಾಸಲ್ಲಿ ಓಡಿಸಿ ಓಡಿಸಿ ಮೂರೂ ಸಿಲಿಂಡರಿನ ವಾಲ್ವು ಸುಟ್ಟಿವೆ. ಕ್ರ್ಯಾಂಕೂ ಅಳ್ತಿದೆ, ನಂಗೆ ಕೇಳಿಸ್ತಿದೆ. ಹೊಸ ಇಂಜಿನ್ ಹಾಕ್ಬೇಕು. ಎಲ್ಲಾ ಸೇರಿ ಇಪ್ಪತ್ತೆರಡು ಮಿಲಿಯನ್ ಸೋಮ್.” ದನಿಯನ್ನು ಮಸೀದಿಯೊಳಗೆ ಮಾತಾಡುವಷ್ಟು ಮೆತ್ತಗೆ ಮಾಡಿದ. “ಹಂಗೇ ಕೊಟ್ಬಿಡೋದಾದ್ರೆ ನಾನೇ ಹದಿನೈದು ಕೊಟ್ಟು ತಗೋತೀನಿ. ಪುಣ್ಯಕ್ಕೆ.”

“ಹೆಣಕ್ಕೆ ಯಾಕಪ್ಪಾ ಹದಿನೈದು? ಗೋರಿ ಕಟ್ಟಿಸ್ತೀಯಾ?”

ಉಸ್ತಾ ನಗಲಿಲ್ಲ. ಅವನು ಅವಳಿಗೆ ಹೇಳುವುದನ್ನು ಬಿಟ್ಟು, ನೇರವಾಗಿ ಅವಳ ಅಣ್ಣ ಇನಾಮ್‌ಜಾನನಿಗೆ ಹೇಳಿದ. ವ್ಯಾನು ಬಂದದ್ದು ರಿಸಾಲತ್‌ಳ ಬಳೆಗಳಿಂದ. ಆದರೆ ಕೊಳ್ಳುವ ದಿನ ಅವಳು ಯಾರದೋ ಮದುವೆಯ ಕಡಾಯಿಯ ಮುಂದೆ ಇದ್ದದ್ದರಿಂದ ಕಾಗದ ಅಣ್ಣನ ಹೆಸರಿನಲ್ಲಿ ಆಗಿತ್ತು. ತಂಗಿ ಸ್ಟೀರಿಂಗ್ ಹಿಡಿಯುವುದನ್ನು ಗೆಳೆಯರು ಆಡಿಕೊಳ್ಳುತ್ತಾರೆಂಬ ಕೊರಗು ಇನಾಮ್‌ಜಾನನಿಗೆ ಮೊದಲಿನಿಂದಲೂ ಇತ್ತು. ಇರುವೆಯ ಕೆಮ್ಮು ಅವನ ಕೊರಗಿಗೆ ಔಷಧಿಯಾಯಿತು.

“ಶುಕ್ರವಾರ ಚಾಯ್‌ಖಾನೇಲಿ ಹಿರಿಯರ ಮುಂದೆ ಕೈ ತಟ್ಟಿ ಉಸ್ತಾನಿಗೆ ಮಾರ್ತೀನಿ,” ಎಂದ ತಂಗಿಗೆ. ಕೈ ತಟ್ಟಿದ ಮೇಲೆ ವ್ಯವಹಾರವನ್ನು ದೇವರೂ ಬಿಡಿಸುವಂತಿಲ್ಲ. “ಮನೇಲಿ ಕೂತು ಹಾಸಿಗೆ ಹೊಲಿ. ಉಸ್ತಾನ ಕಿವಿ ಸುಳ್ಳು ಹೇಳಲ್ಲ.”

“ಹೌದಾ ಆಕಾ? ಹಂಗಾದ್ರೆ ಒಂದು ಮಾತು. ಕೈ ತಟ್ಟೋ ಮುಂಚೆ ಎಲ್ರ ಮುಂದೆ ಇನ್ನೊಂದು ಸಲ ಕಿವಿ ಇಡ್ಲಿ. ಕಿವಿ ನಿಜ ಹೇಳಿದ್ರೆ ಕೀಲಿ ನಾನೇ ಕೈಗೆ ಕೊಡ್ತೀನಿ. ಸುಳ್ಳಾದ್ರೆ ಕಾಗದ ನನ್ನ ಹೆಸರಿಗೆ. ಒಪ್ಪಿಗೇನಾ?”

ಸೋಲುವ ಭಯವೇ ಇಲ್ಲದವನಂತೆ ಅಣ್ಣ ಒಪ್ಪಿದ. ಅವಳು ಮನೆಗೆ ಬಂದು ಗೇಟು ಹಾಕಿಕೊಂಡಳು. ವ್ಯಾನು ಹೋದರೆ ಅವಳ ಕಡಾಯಿಗಳು ತುಕ್ಕು ಹಿಡಿಯುತ್ತವೆ. ಅವುಗಳ ಜೊತೆ ತಾನೂ. ಅದನ್ನು ಯೋಚಿಸುತ್ತ ಅಳಬಹುದಿತ್ತು. ಅಳುವ ಬದಲು ಸ್ಪ್ಯಾನರು ಹುಡುಕಿದಳು.

ಸಹಾಯಕ್ಕೆ ಬಂದವನು ಹಯಿತ್ ಮಾವ, ಅವಳ ತಾಯಿಯ ತಮ್ಮ. ಗಡಿಗೆಯಂಥ ಹೊಟ್ಟೆ, ಆ ಗಡಿಗೆಯೊಳಗೆ ಊರಿನ ಸದ್ದೆಲ್ಲ. ರೈಲು ನಿಲ್ದಾಣದ ಘೋಷಣೆ, ನೆರೆಮನೆಯ ಕತ್ತೆ, ಗ್ಯಾಸ್ ಬಂಕಿನ ಪಂಪು, ಅತ್ತೆ-ಸೊಸೆ ಇಬ್ಬರೂ ಒಟ್ಟಿಗೆ ಬೈದಾಡುವುದು, ಎಲ್ಲವನ್ನೂ ಒಬ್ಬನೇ ಒಂದೇ ಬಾಯಲ್ಲಿ ಮಾಡುತ್ತಿದ್ದ. ಮದುವೆಗಳಲ್ಲಿ ಅವನಿಗೆ ಎರಡು ತಟ್ಟೆ ಪಲಾವು ಸಲ್ಲುತ್ತಿದ್ದುದು ಅದಕ್ಕೇ.

ಸೀಟು ತೆಗೆದು, ಪೈಪು ವೈರು ಕಳಚಿ, ಮದುವೆ ಕಡಾಯಿ ಹೊರುವ ಮರದ ತೊಲೆಗೆ ಹಗ್ಗ ಬಿಗಿದು, ಇಬ್ಬರೂ ಇಂಜಿನ್ನನ್ನು ತೊಟ್ಟಿಲ ಕೂಸಿನಂತೆ ಎತ್ತಿ ಅಂಗಳದ ಹಳೆ ಹಾಸಿಗೆಯ ಮೇಲೆ ಮಲಗಿಸಿದರು. ತಲೆ ಬಿಚ್ಚಿ ನೋಡಿದರೆ ಸುಟ್ಟದ್ದು ಒಂದೇ ವಾಲ್ವು. ಕ್ರ್ಯಾಂಕು ಅಳುತ್ತಿರಲಿಲ್ಲ, ಗುಂಡುಕಲ್ಲಿನಂತಿತ್ತು. ರೇಡಿಯೇಟರಿನ ತುಂಬ ಪೋಪ್ಲರ್ ಮರದ ಹತ್ತಿ. ರಿಸಾಲತ್ ಪೊರಕೆಕಡ್ಡಿಯಿಂದ ಅದನ್ನು ಕೀಳುತ್ತ ಕೀಳುತ್ತ, “ಎರಡು ಮಿಲಿಯನ್ನಿಗೂ ಕಮ್ಮಿ ಕೆಲ್ಸ ಮಾವಾ,” ಎಂದಳು. “ಆದ್ರೆ ವಾಲ್ವು ಬರೋದು ಸೋಮವಾರ. ಶುಕ್ರವಾರ ಏನ್ ತೋರಿಸ್ಲಿ?”

ಮಾವ ಕೋಲೊಂದನ್ನು ಕಿವಿಗಿಟ್ಟು, ಮೂಗಿನಲ್ಲಿ ಉಸ್ತಾನ ದನಿ ತೆಗೆದ: “ಓಪಾ, ಕೂತ್ಕೊಳಿ. ಎದೇಲಿ ರೋಗ.” ಮರುಕ್ಷಣ ಅದೇ ಬಾಯಿಂದ ಇರುವೆ ಕೆಮ್ಮಿತು. ಏದುಸಿರು, ಬಿಕ್ಕಳಿಕೆ, ಕೊನೆಯ ಆವಿ ಸಮೇತ.

ರಿಸಾಲತ್‌ಳ ಕೈಯಲ್ಲಿದ್ದ ಪೊರಕೆಕಡ್ಡಿ ನಿಂತಿತು. ಅವಳು ಮಾವನ ಹೊಟ್ಟೆಯನ್ನು ನೋಡಿದಳು. ವ್ಯಾನಿನ ಹಿಂಭಾಗವನ್ನು ನೋಡಿದಳು. ಅಳತೆ ಸರಿಹೋಯಿತು.

ಶುಕ್ರವಾರ ನಮಾಜು ಮುಗಿಸಿದ ಹಿರಿಯರು ಕಾಲುವೆಯ ಮೇಲಿನ ಚಾಯ್‌ಖಾನೆಯಲ್ಲಿ ಕಾಲು ಮಡಿಸಿ ಕೂತಿದ್ದರು. ಕಬಾಬಿನ ಹೊಗೆ, ಹಸಿರು ಚಹಾ. ಗಂಡಸರ ಆ ಜಾಗಕ್ಕೆ ಇರುವೆ ಸದ್ದಿಲ್ಲದೆ ಇಳಿಜಾರಿನಲ್ಲಿ ಜಾರುತ್ತ ಬಂದು ನಿಂತಿತು. ಯಾರೂ ಹುಬ್ಬೇರಿಸಲಿಲ್ಲ; ಗ್ಯಾಸು ಉಳಿಸಲು ಇಳಿಜಾರಿನಲ್ಲಿ ಇಂಜಿನ್ ಆರಿಸದ ಡ್ರೈವರು ಆ ಊರಿನಲ್ಲೇ ಇಲ್ಲ. ಹಿಂದೆ ಸೂರಿನವರೆಗೂ ಹಾಸಿಗೆ ಜೋಡಿಸಿತ್ತು.

“ಬಂದ್ಯಾ ತಂಗೀ, ಕೊನೇ ಸವಾರಿ ಮಾಡ್ಕೊಂಡು?” ಎಂದ ಇನಾಮ್‌ಜಾನ್.

“ಯಾರ ಕೊನೇದು ಅಂತ ನೋಡೋಣ ಆಕಾ. ಉಸ್ತಾ, ಸೀಟು ಎತ್ತಿ ಒಂದ್ಸಲ ಕಣ್ಣಲ್ಲೇ ನೋಡ್ತೀಯಾ? ನಿಂಗೇ ಒಳ್ಳೇದು.”

ತೋಜಿದ್ದೀನ್ ಹಿರಿಯರ ಕಡೆ ತಿರುಗಿ ಕನಿಕರದ ನಗೆ ನಕ್ಕ. “ಸೀಟು ಎತ್ತೋದು ಕಲೀತಾ ಇರೋರು ಓಪಾ. ಚಾಲೂ ಮಾಡಿ.”

ಅವಳು ಕೀಲಿ ತಿರುಗಿಸಿದಳು. ಅವಳ ಎದೆ ಮಾತ್ರ ನಿಜವಾಗಿಯೂ ಮೂರು ಸಿಲಿಂಡರಿನಲ್ಲಿ ಹೊಡೆದುಕೊಳ್ಳುತ್ತಿತ್ತು. ಹಾಸಿಗೆಗಳೊಳಗಿಂದ ಕರ್‌ಕರ್‌ಕರ್ ಎಂದಿತು. ಮೊದಲ ಸಲ ಹತ್ತಲಿಲ್ಲ. ಮಾವನಿಗೆ ಸಹಜತೆಯ ಹುಚ್ಚು. ಎರಡನೆಯ ಸಲ ಹತ್ತಿತು. ಮಾವ ಒಳಗೆ ಕುಕ್ಕರಗಾಲಲ್ಲಿ ಕುಪ್ಪಳಿಸುತ್ತಿದ್ದುದರಿಂದ ವ್ಯಾನಿನ ಮೈಯೂ ಸರಿಯಾಗಿಯೇ ನಡುಗಿತು.

ಉಸ್ತಾ ಕೋಲಿಟ್ಟ. ಕಣ್ಣು ಮುಚ್ಚಿದ. ಚಾಯ್‌ಖಾನೆ ಚಹಾ ಹೀರುವುದನ್ನು ನಿಲ್ಲಿಸಿತು.

“ಹಾಂ... ಕೇಳಿ ಹಿರಿಯರೇ. ಅದೇ, ಮೂರೂ ವಾಲ್ವು. ಮಧ್ಯದ್ದು ತೀರಾ ಕೆಟ್ಟಿದೆ. ಕ್ರ್ಯಾಂಕು ಹೋದ ವಾರಕ್ಕಿಂತ ಜೋರಾಗಿ ಅಳ್ತಿದೆ.” ಇದ್ದಕ್ಕಿದ್ದಂತೆ ಒಂದು ಭಾರೀ ಸೀನು ಬಂತು; ಹಾಸಿಗೆಯ ಹತ್ತಿ ಮಾವನ ಮೂಗು ಹೊಕ್ಕಿತ್ತು. ಉಸ್ತಾ ಬೆರಳೆತ್ತಿದ. “ಕೇಳಿದ್ರಾ? ಅದು ಬ್ಯಾಕ್‌ಫೈರ್. ಟೈಮಿಂಗ್ ಚೈನೂ ಸಡಿಲ. ಈ ಇಂಜಿನ್ನು ನಾಳೆವರೆಗೂ ಬದುಕಲ್ಲ.”

“ಖಂಡಿತಾನಾ ಉಸ್ತಾ?” ಎಂದಳು ರಿಸಾಲತ್.

“ನನ್ನ ಕಿವಿ ಮೇಲಾಣೆ.”

ಇನಾಮ್‌ಜಾನ್ ಕೈ ತಟ್ಟಲು ಅಂಗೈ ಚಾಚಿದ. ರಿಸಾಲತ್ ಕೀಲಿ ತೆಗೆದು, ಕೆಳಗಿಳಿದು, ಅದನ್ನು ಉಸ್ತಾನ ಇನ್ನೊಂದು ಕೈಯಲ್ಲಿಟ್ಟಳು. ಇಂಜಿನ್ನು ನಿಲ್ಲಲಿಲ್ಲ, ಒಳಗಿದ್ದವನಿಗೆ ಕೀಲಿ ತೆಗೆದದ್ದು ಕಾಣಿಸುವುದು ಹೇಗೆ? ಹಿರಿಯರು ಕೀಲಿಯನ್ನೂ ವ್ಯಾನನ್ನೂ ಒಂದಾದ ಮೇಲೊಂದರಂತೆ ನೋಡಿದರು. ಅವಳು ಸೀಟು ಹಿಡಿದೆಳೆದಳು.

ಇಂಜಿನ್ನು ಇರಬೇಕಾದಲ್ಲಿ ನೆಲ ಕಾಣುತ್ತಿತ್ತು. ನೆಲದ ಮೇಲೊಂದು ಹಲಗೆ, ಹಲಗೆಯ ಮೇಲೊಂದು ಪಟ್ಟೆಪಟ್ಟೆಯ ದಪ್ಪ ಕಲ್ಲಂಗಡಿ. ಅದು ರಿಸಾಲತ್‌ಗೂ ಹೊಸ ಸುದ್ದಿ. ಕೆಲಸ ಮುಗಿದ ಮೇಲೆ ತಿನ್ನಲೆಂದು ಮಾವ ನೆರಳಿನಲ್ಲಿ ಇಟ್ಟುಕೊಂಡಿದ್ದ.

“ಮಾವಾ, ಸಾಕು, ಆರಿಸು!” ಎಂದಳು. ವ್ಯಾನು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಹಾಸಿಗೆಗಳ ನಡುವಿನಿಂದ ಬೆವರಿದ ಬೋಳುತಲೆಯೊಂದು ಹೊರಬಂದು, “ಅಸ್ಸಲಾಮು ಅಲೈಕುಮ್,” ಎಂದಿತು. “ಮಧ್ಯದ ವಾಲ್ವು ಅಂದ್ಯಲ್ಲ ಉಸ್ತಾ, ಅದು ನನ್ನ ಹಲ್ಲಿನ ಸಂದು. ಕ್ರ್ಯಾಂಕು ನನ್ನ ಸೊಂಟ.”

ಆದರೂ ಯಾರೂ ನಗಲಿಲ್ಲ. ಆ ಚಾಯ್‌ಖಾನೆಯಲ್ಲಿ ಮೊದಲ ನಗು ಏಟು ತಿಂದವನ ಪಾಲು. ಅವನು ನಕ್ಕರೆ ಸೋಲೊಪ್ಪಿದ ಹಾಗೆ, ಮಾತು ಅಲ್ಲಿಗೆ ಮುಗಿಯುತ್ತದೆ. ಮುಖ ಊದಿಸಿಕೊಂಡು ಎದ್ದುಹೋದರೆ ಜಗಳ ಉಳಿಯುತ್ತದೆ, ಕಾಗದ ಇನಾಮ್‌ಜಾನನ ಜೇಬಿನಲ್ಲೇ ಉಳಿಯುತ್ತದೆ. ಎದ್ದವನಿಗೆ ಆಮೇಲೆ ಆ ಕಟ್ಟೆಯಲ್ಲಿ ಯಾರೂ ಚಹಾ ಬಗ್ಗಿಸುವುದಿಲ್ಲ ಎಂಬುದು ಬೇರೆ ಮಾತು. ಎಲ್ಲರೂ ತೋಜಿದ್ದೀನನ ಮುಖ ನೋಡುತ್ತ ಕೂತರು. ಅದು ಮೂಲಂಗಿಯಿಂದ ಬೀಟ್ರೂಟಿಗೆ ತಿರುಗುತ್ತಿತ್ತು.

ರಿಸಾಲತ್ ಸೊಂಟದ ಮೇಲೆ ಕೈಯಿಟ್ಟು ನಿಂತೇ ಇದ್ದಳು. “ಇಂಜಿನ್ನು ನಮ್ಮಂಗಳದಲ್ಲಿ ಹಾಸಿಗೆ ಮೇಲೆ ಮಲಗಿದೆ. ಸುಟ್ಟಿರೋದು ಒಂದೇ ವಾಲ್ವು. ಬೇಕಾದ್ರೆ ಕಣ್ಣಲ್ಲಿ ಬಂದು ನೋಡು. ನಗ್ತೀಯೋ, ಎದ್ದುಹೋಗ್ತೀಯೋ, ನಿನ್ನಿಷ್ಟ ಉಸ್ತಾ. ವ್ಯಾನನ್ನಂತೂ ನಾನು ಬಿಡಲ್ಲ. ತಳ್ಕೊಂಡಾದ್ರೂ ಮನೆಗೆ ಹೋಗ್ತೀನಿ.”

ತೋಜಿದ್ದೀನ್ ಕೀಲಿಯನ್ನು ನೋಡಿದ. ಕಲ್ಲಂಗಡಿಯನ್ನು ನೋಡಿದ. ಕೋಲಿನ ತುದಿಯನ್ನು ನಿಧಾನವಾಗಿ ಅದರ ಮೇಲಿಟ್ಟು, ಇನ್ನೊಂದನ್ನು ಕಿವಿಗಾನಿಸಿ, ಕಣ್ಣು ಮುಚ್ಚಿ, ಬೆರಳಿನಿಂದ ಟೊಕ್ ಟೊಕ್ ಎಂದು ತಟ್ಟಿದ.

“ಓಪಾ, ಕೂತ್ಕೊಳಿ,” ಎಂದ. ತುಟಿ ನಡುಗುತ್ತಿತ್ತು. “ಇದು... ಇದು ಪೂರ್ತಿ ಹಣ್ಣಾಗಿದೆ. ಕ್ರ್ಯಾಂಕು ಚೆನ್ನಾಗಿದೆ. ಬೀಜ ಮಾತ್ರ ಸ್ವಲ್ಪ ಜಾಸ್ತಿ. ಬದಲಾಯಿಸೋದಕ್ಕೆ ಇಪ್ಪತ್ತೆರಡು—”

ಸಂಖ್ಯೆ ಮುಗಿಸಲಾಗಲಿಲ್ಲ. ಕೀಲಿಯನ್ನು ಅವಳ ಅಂಗೈಗೆ ತುರುಕಿ, ಕೋಲನ್ನು ಕಾಲುವೆಗೆ ಎಸೆದು, ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಸಿದ. ಅಪ್ಪಣೆ ಸಿಕ್ಕ ಹಾಗೆ ಹಿರಿಯರೂ ಬಿದ್ದುಬಿದ್ದು ನಕ್ಕರು. ಕಬಾಬಿನವನು ಬೀಸಣಿಗೆ ಬಿಸಾಡಿ ನಕ್ಕ. ಇನಾಮ್‌ಜಾನ್ ಅತ್ತಿತ್ತ ನೋಡಿ, ಬೇರೆ ದಾರಿ ಕಾಣದೆ, ಜೇಬಿನ ಕಾಗದವನ್ನು ತಂಗಿಯ ಕಡೆ ಚಾಚುತ್ತ ಹಲ್ಲು ಕಿರಿದ. ಹಯಿತ್ ಮಾವ ಪ್ರತಿಯೊಬ್ಬರ ನಗೆಯನ್ನೂ ಅನುಕರಿಸಲು ಹೊರಟು ತೋಜಿದ್ದೀನನದಕ್ಕೆ ಬಂದಾಗ ಸೋತು ಕೈಚೆಲ್ಲಿದ. ಅಷ್ಟು ಜೋರಾಗಿ ನಗುವುದು ಅವನ ಗಂಟಲಿನಿಂದಲೂ ಆಗಲಿಲ್ಲ.