ಹಸಿರು ದಾರದ ಹೊಲಿಗೆ

ತುಮಕೂರಿನ ಶಿರಾ ಗೇಟಿನಲ್ಲಿ ದಸ್ತಗೀರ್ ಸಾಬರದು ಹಳೇ ಪುಸ್ತಕದ ಅಂಗಡಿ. ಅಂಗಡಿಯೆಂದರೆ ಒಂದು ತಗಡಿನ ಸೂರು, ಎರಡು ಬೀರು, ಮುಂದೊಂದು ಹಲಗೆ. ಕಥೆ ಕಾದಂಬರಿ ಅಲ್ಲೊಂದು ಇಲ್ಲೊಂದು ಇದ್ದರೂ ಹೊಟ್ಟೆ ಹೊರೆಯುತ್ತಿದ್ದದ್ದು ಸ್ಕೂಲು ಪುಸ್ತಕಗಳೇ. ಜೂನ್ ತಿಂಗಳಲ್ಲಿ ಗುಬ್ಬಿ, ಕುಣಿಗಲ್ ಕಡೆಯಿಂದಲೂ ಜನ ಬಂದು ಕೊಂಡೊಯ್ಯುವರು. ಪರೀಕ್ಷೆ ಮುಗಿದ ಮೇಲೆ ಅದನ್ನೇ ತಂದು ಅರ್ಧ ಬೆಲೆಗೆ ಹಾಕಿ, ಮುಂದಿನ ಕ್ಲಾಸಿನದನ್ನು ಒಯ್ಯುವರು. ಮೇಯಲು ಹೋದ ದನ ಸಂಜೆಗೆ ಕೊಟ್ಟಿಗೆ ಸೇರುವ ಹಾಗೆ, ಸಾಬರ ಪುಸ್ತಕಗಳು ಬೇಸಿಗೆಗೆ ಮನೆ ಸೇರುತ್ತಿದ್ದವು.

ಬರುವಾಗ ಸೊರಗಿ ಬರುತ್ತಿದ್ದವು. ಅವುಗಳ ಆರೈಕೆ ಹೆಂಡತಿ ಜೈನಬ್ ಬೀಯದು. ಸಾಬರು ಮೈದಾಹಿಟ್ಟಿಗೆ ಚಿಟಿಕೆ ಮೈಲುತುತ್ತ ಹಾಕಿ, ಹುಳ ಮುಟ್ಟದ ಹಾಗೆ ಅಂಟು ಕಾಯಿಸಿ ಕೊಡುವರು. ಆಕೆ ಹಿತ್ತಲ ಬಾಗಿಲ ಬೆಳಕಿಗೆ ಕೂತು, ದರ್ಗಾದ ಚಾದರ ಹೊಲಿದು ಉಳಿದ ಹಸಿರು ದಾರಕ್ಕೆ ಮೇಣ ಸವರಿ, ಬೆನ್ನು ಬಿಟ್ಟ ದಪ್ಪ ಪುಸ್ತಕಗಳನ್ನು ಹೊಲಿಯುವಳು. ಓದು ಬಾರದವಳು. ಆದರೂ ಅಕ್ಷರದ ಪಕ್ಕ ಗಂಟು ಕೂರಬಾರದೆಂದು ಬೆನ್ನಿನ ಹೊರಗೇ ಗಂಟು ಬಿಗಿಯುವಳು. ಪುಸ್ತಕ ಹಿಡಿದರೆ ಆ ಗಂಟು ಹೆಬ್ಬೆರಳಿಗೆ ಸಿಗುತ್ತಿತ್ತು.

ಒಂದು ಚಳಿಗಾಲ ಜೈನಬ್ ಬೀ ಜ್ವರದಲ್ಲಿ ಮಲಗಿದವಳು ಏಳಲಿಲ್ಲ. ಮಕ್ಕಳಿಲ್ಲದ ಮನೆ, ಸಾಬರೊಬ್ಬರೇ ಉಳಿದರು. ಆ ಜೂನ್‌ನಲ್ಲಿ ಗಿರಾಕಿಗಳು ಗಟ್ಟಿಯಾದದ್ದು ಕೊಡಿ ಎಂದಾಗಲೆಲ್ಲ ಅವರು ಹಸಿರು ದಾರದವನ್ನೇ ಎತ್ತಿ ಕೊಟ್ಟರು. ಪಕ್ಕದ ಸೈಕಲ್ ಶಾಪಿನ ಏಜಾಜ್ ಅಹಮದ್, ಒಂದಾದರೂ ಎತ್ತಿಟ್ಟುಕೊಳ್ಳಿ ಚಾಚಾ ಎಂದ.

"ಎಲ್ಲಿಗ್ ಹೋಗ್ತವೆ? ಬೇಸ್ಗೆಗ್ ಬತ್ತವೆ ಬುಡು," ಎಂದರು ಸಾಬರು.

ವ್ಯಾಪಾರ ಹಿಡಿದಾಗಿನಿಂದ ಹಾಗೆಯೇ ನಡೆದಿತ್ತು. ಬೇರೆ ಥರ ಯೋಚಿಸಲು ಅವರಿಗೆ ಕಾರಣವಿರಲಿಲ್ಲ.

ಬೇಸಿಗೆ ಬಂತು, ಪುಸ್ತಕ ಬರಲಿಲ್ಲ. ಆ ವರ್ಷ ಮೇಲಿನ ಕ್ಲಾಸುಗಳ ಪಾಠವೆಲ್ಲ ಬದಲಾಗಿತ್ತು. ನಡೆಯದ ಪುಸ್ತಕವನ್ನು ಬಸ್ ಚಾರ್ಜು ಕೊಟ್ಟು ತುಮಕೂರಿಗೆ ಯಾರು ಹೊರುತ್ತಾರೆ? ಸಾಬರು ಹಲಗೆಯ ಮೇಲೆ ಕೂತು, ಬಸ್ಸಿಳಿದವರ ಕಂಕುಳು ನೋಡುತ್ತಲೇ ಮೇ ತಿಂಗಳು ಕಳೆದರು. ಆಮೇಲೆ ಅಂಗಡಿ ಮುಚ್ಚಿ ತಾವೇ ಹೊರಟರು. ಕುಣಿಗಲ್ಲಿಗೆ ಹೋಗಿ, ಅಲ್ಲಿಂದ ಕೊತ್ತಗೆರೆಗೆ ಹೋಗಿ, ಪ್ರತಿ ವರ್ಷ ಕೊಳ್ಳುತ್ತಿದ್ದ ವೆಂಕಟರಂಗಯ್ಯನ ಮನೆ ವಿಚಾರಿಸಿದರು. ಆತ ಮಜ್ಜಿಗೆ ಕೊಟ್ಟು ಕೂರಿಸಿ, ನೀರೊಲೆಗೆ ಹಾಕಿಬಿಟ್ಟೆವಲ್ಲ ಸಾಬ್ರೇ ಎಂದು ಪೇಚಾಡಿದ. ಉಳಿದ ಮನೆಗಳಲ್ಲೂ ಒಲೆಗೋ ರದ್ದಿಗೋ ಹೋಗಿದ್ದವು.

ಕೊನೆಗೆ ಗುಬ್ಬಿ. ಸಂತೆಯ ದಿನ. ಕೊಬ್ಬರಿ ಮೂಟೆಗಳ ಸಾಲು ದಾಟಿದರೆ ಹನುಮಮ್ಮನೆಂಬ ಮುದುಕಿ ಕಡಲೆಕಾಯಿ ಹುರಿಯುತ್ತಿದ್ದಳು. ಪಕ್ಕದಲ್ಲಿ ರದ್ದಿಯ ಗುಡ್ಡೆ. ಮಂಡಿಯ ಮೇಲೊಂದು ಪುಸ್ತಕ ಇಟ್ಟುಕೊಂಡು ಹಾಳೆ ಕಿತ್ತು ಪೊಟ್ಟಣ ಕಟ್ಟುತ್ತಿದ್ದವಳು ಗೊಣಗಿಕೊಂಡಳು:

"ಇದ್ನ ಹೊಲ್ದೋರ್ ಕೈ ಸೇದೋಗ. ಎಷ್ಟ್ ಎಳುದ್ರೂ ಬರಾಕಿಲ್ಲ ಅಂತದೆ."

ಸಾಬರು ಬಗ್ಗಿ ನೋಡಿದರು. ಮುಕ್ಕಾಲು ಪಾಲು ಹಾಳೆ ಹೋಗಿತ್ತು. ಬೆನ್ನಿನ ಮೇಲೆ ಹಸಿರು ಗಂಟು ಹಾಗೇ ಇತ್ತು.

"ಹೊಲ್ದೋಳು ನಮ್ಮನೆಯೋಳು ಕಣಮ್ಮ. ಈಗಿಲ್ಲ."

ಹನುಮಮ್ಮನ ಕೈ ನಿಂತಿತು. ಸೆರಗಿನಲ್ಲಿ ಪುಸ್ತಕದ ಮೇಲಿನ ಬೂದಿ ಒರೆಸಿ ಚಾಚಿದಳು.

"ತಪ್ಪಾಯ್ತು ಕಣಪ್ಪ. ಹಾಳ್ ಬಾಯಿ. ಬೈದಿದ್ದು ಆವಮ್ಮಂಗ್ ತಟ್ಟದೆ ಇರ್ಲಿ."

"ಇನ್ನೇನ್ ತಟ್ಟಾದು ಬುಡಮ್ಮ. ಗಟ್ಟಿಯಾಗ್ ಹೊಲಿತಿದ್ಲು ಅಂತ ನೀನೊಬ್ಳಾದ್ರೂ ಅಂದ್ಯಲ್ಲ."

ಬೇಡವೆಂದರೂ ಅವಳು ಒಂದು ಪೊಟ್ಟಣ ಕಡಲೆಕಾಯಿ ಕೈಗಿಟ್ಟಳು. ಬೇರೆ ಪುಸ್ತಕದ ಹಾಳೆಯಲ್ಲಿ ಕಟ್ಟಿದ್ದಳು.

ಬಸ್ಸಿನಲ್ಲಿ ಪಕ್ಕದ ಸೀಟಿನವನು ಪುಸ್ತಕದ ಕಡೆ ಕಣ್ಣು ಹಾಯಿಸಿ, ಯಾವ ಕ್ಲಾಸಿನದು ಎಂದು ಕೇಳಿದ. ಈಗ ಯಾವ ಕ್ಲಾಸಿಗೂ ಇಲ್ಲ ಎಂದರು. ಅವನು ಮುಖ ತಿರುಗಿಸಿ ಕಿಟಕಿಯಾಚೆ ನೋಡಿದ.

ಸಾಬರು ಮನೆ ಸೇರಿದಾಗ ಇನ್ನೂ ಬೆಳಕಿತ್ತು. ಅಂಗಿ ಸಹ ಬಿಚ್ಚದೆ ಒಲೆ ಹಚ್ಚಿ ಅಂಟು ಕಾಯಿಸಿದರು. ಕೈ ರೂಢಿಯಂತೆ ದೊಡ್ಡ ಬೋಗುಣಿಯ ತುಂಬ ಕಾಯಿಸಿತು. ಹಿತ್ತಲ ಬಾಗಿಲಲ್ಲಿ, ಆಕೆ ಕೂರುತ್ತಿದ್ದ ಕಡೆ ಕೂತು, ಪುಸ್ತಕವನ್ನು ತೊಡೆಯ ಮೇಲಿಟ್ಟು ತಿರುವಿ ನೋಡಿದರು. ಕಿತ್ತುಹೋದ ಹಾಳೆಗಳು ಹೋಗಿಯೇ ಹೋಗಿದ್ದವು. ಉಳಿದವು ಒಂದೂ ಅಲುಗುತ್ತಿರಲಿಲ್ಲ. ಬೆನ್ನು ನೆಟ್ಟಗಿತ್ತು. ಅಂಟು ಹಚ್ಚಬೇಕಾದ ಜಾಗವೇ ಸಿಗಲಿಲ್ಲ.

ಪಕ್ಕದಲ್ಲಿ ಬೋಗುಣಿಯ ಅಂಟು ಆರುತ್ತ ಕೆನೆ ಕಟ್ಟಿಕೊಂಡಿತು. ಸಾಬರು ಗಂಟಿನ ಮೇಲೆ ಹೆಬ್ಬೆರಳಿಟ್ಟುಕೊಂಡು, ಬೆಳಕು ಹೋಗುವವರೆಗೂ ಅಲ್ಲೇ ಕೂತಿದ್ದರು.